ಮನೆಯವರು ಹೇಳಬೇಡಿ ಅಂತಾರೆ, ಪೇಷಂಟು ನನ್ನನ್ನೇ ಕೇಳ್ತಾರೆ: ನಾನೇನು ಮಾಡಲಿ?

ರಾತ್ರಿಪಾಳಿ:

ನಾನು ಮೆಡಿಸಿನ್ ಪಿಜಿ, ಎರಡನೇ ವರ್ಷ. ಗುರುತು ಸಿಗಬಾರದು ಅಂತ ಒಂದೆರಡು ವಿವರ ಬದಲಿಸಿ ಬರೆಯುತ್ತಿದ್ದೇನೆ.

ಅರವತ್ತು ದಾಟಿದ ಪೇಷಂಟು. ಶ್ವಾಸಕೋಶದ ಕ್ಯಾನ್ಸರ್, ಲಿವರಿಗೂ ಮೂಳೆಗೂ ಹರಡಿದೆ. ಎರಡು ಬಗೆಯ ಕೀಮೋ ಕೊಟ್ಟಾಯಿತು, ರೋಗ ಎರಡಕ್ಕೂ ಜಗ್ಗಲಿಲ್ಲ. ಈಗ ದಮ್ಮು ಜಾಸ್ತಿಯಾಗಿ ನಮ್ಮ ವಾರ್ಡಿಗೆ ಬಂದಿದ್ದಾರೆ. ಆಕ್ಸಿಜನ್ ಮೇಲಿದ್ದಾರೆ. ಮಾತಾಡುತ್ತಾರೆ, ಬುದ್ಧಿ ಪೂರ್ತಿ ಚುರುಕಾಗಿದೆ. ಮಕ್ಕಳು ಮೊದಲ ದಿನವೇ ನನ್ನನ್ನು ಹೊರಗೆ ಕರೆದು "ಅಪ್ಪನಿಗೆ ಗಡ್ಡೆ ಇದೆ ಅಂತಷ್ಟೇ ಗೊತ್ತು, ಹರಡಿರೋದು ಗೊತ್ತಿಲ್ಲ. ಗೊತ್ತಾದ್ರೆ ಅವತ್ತೇ ಕುಸಿದು ಹೋಗ್ತಾರೆ, ದಯವಿಟ್ಟು ಹೇಳ್ಬೇಡಿ" ಅಂದರು. ನಮ್ಮ ಸೀನಿಯರ್ ಆಯ್ತು ಅಂದುಬಿಟ್ಟರು.

ಈಗ ಮಕ್ಕಳು ಇಲ್ಲದ ಹೊತ್ತು ನೋಡಿಕೊಂಡು ಅವರು ನನ್ನನ್ನು ಕೇಳುತ್ತಾರೆ. "ಡಾಕ್ಟ್ರೇ, ಇದು ವಾಸಿ ಆಗೋದಾ ಅಲ್ವಾ, ನೀವಾದ್ರೂ ಹೇಳಿ." ನಾನು ಸ್ಕ್ಯಾನ್ ರಿಪೋರ್ಟ್ ಬರಲಿ, ದೊಡ್ಡ ಡಾಕ್ಟರು ಬರಲಿ ಅಂತ ಏನೋ ಒಂದು ಹೇಳಿ ಮುಂದಿನ ಬೆಡ್ಡಿಗೆ ಹೋಗುತ್ತೇನೆ.

ಎರಡನೆಯದು. ರಾತ್ರಿ ಎರಡು ಗಂಟೆಗೆ ಉಸಿರು ಕೈಕೊಟ್ಟರೆ ಗಂಟಲಿಗೆ ಟ್ಯೂಬ್ ಹಾಕಿ ವೆಂಟಿಲೇಟರಿಗೆ (ಉಸಿರಾಟದ ಮೆಷಿನ್‌ಗೆ) ಜೋಡಿಸಬೇಕಾ ಬೇಡವಾ? ಮಕ್ಕಳು "ಏನೇನಿದೆಯೋ ಎಲ್ಲ ಮಾಡಿ" ಅಂದಿದ್ದಾರೆ. ಕೇಸ್ ಶೀಟಿನಲ್ಲಿ ಏನೂ ಬರೆದಿಲ್ಲ. ಆ ಹೊತ್ತಲ್ಲಿ ಅಲ್ಲಿ ಇರುವುದು ನಾನು ಮತ್ತು ಒಬ್ಬ ಸಿಸ್ಟರ್, ಅಷ್ಟೇ.

ಮೂರನೆಯದು ಮಾರ್ಫಿನ್, ತೀವ್ರ ನೋವಿಗೆ ಕೊಡುವ ಔಷಧಿ. ದಮ್ಮಿಗೆ ಸಣ್ಣ ಡೋಸ್ ಕೊಡೋಣವಾ ಅಂತ ಕೇಳಿದೆ. "ಉಸಿರು ನಿಂತರೆ ಯಾರು ಜವಾಬ್ದಾರಿ" ಅನ್ನುವ ಉತ್ತರ ಬಂತು.

ಪುಸ್ತಕದ ನಾಲ್ಕು ತತ್ವ ನನಗೂ ಬಾಯಿಪಾಠ. ಪೇಷಂಟಿನ ಇಚ್ಛೆಗೆ ಬೆಲೆ ಕೊಡು, ಒಳ್ಳೆಯದು ಮಾಡು, ಕೆಡುಕು ಮಾಡಬೇಡ, ನ್ಯಾಯವಾಗಿರು. ಪರೀಕ್ಷೆಯಲ್ಲಿ ಬರೆದರೆ ಮಾರ್ಕ್ಸ್ ಬರುತ್ತದೆ. ಈ ಬೆಡ್ಡಿನ ಹತ್ತಿರ ನಿಂತರೆ ನಾಲ್ಕೂ ನಾಲ್ಕು ಕಡೆ ಎಳೆಯುತ್ತವೆ. ಇಂಥದ್ದನ್ನು ದಿನಾ ನೋಡುವವರು ನಿಜವಾಗಿ ಏನು ಮಾಡುತ್ತೀರಿ?

ಐಸಿಯು ಹಳಬ:

ಎರಡನೇ ಪ್ರಶ್ನೆಯನ್ನೇ ಮೊದಲು ತಗೊಳ್ಳುತ್ತೇನೆ. ಉಳಿದ ಎರಡು ನಾಳೆವರೆಗೆ ಕಾಯಬಹುದು, ಇದು ಕಾಯಲ್ಲ.

ಟ್ಯೂಬ್ ಹಾಕಬೇಕಾ ಅನ್ನುವುದಕ್ಕಿಂತ ಮುಂಚೆ ದಮ್ಮು ಯಾಕೆ ಬಂದಿದೆ ಅಂತ ಕೇಳಿ. ಕ್ಯಾನ್ಸರ್ ಪೇಷಂಟು ಅಂದ ತಕ್ಷಣ ಎಲ್ಲ ದಮ್ಮನ್ನೂ ಕ್ಯಾನ್ಸರಿನ ಲೆಕ್ಕಕ್ಕೆ ಬರೆದುಬಿಡುವ ಅಭ್ಯಾಸ ಇದೆ, ಅದು ಕೆಟ್ಟದ್ದು. ಎದೆಗೂಡಿನಲ್ಲಿ ನೀರು ತುಂಬಿದ್ದರೆ ತೆಗೆಯಬಹುದು. ಶ್ವಾಸಕೋಶದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ನ್ಯುಮೋನಿಯಾ ಇರಬಹುದು. ಹಿಮೋಗ್ಲೋಬಿನ್ ತೀರಾ ಇಳಿದಿರಬಹುದು. ಹೃದಯದ ಸುತ್ತ ನೀರು ಸೇರಿರಬಹುದು. ಇವಕ್ಕೆಲ್ಲ ಮಾಡುವುದು ಏನಾದರೂ ಇದೆ, ಕ್ಯಾನ್ಸರ್ ಕೊನೆ ಹಂತದಲ್ಲಿದ್ದರೂ ಇದೆ. ಇದು ಯಾವುದೂ ಅಲ್ಲ, ಗಡ್ಡೆಯೇ ಶ್ವಾಸಕೋಶದ ತುಂಬ ಹರಡಿದೆ ಅಂತಾದರೆ ವೆಂಟಿಲೇಟರ್ ಮಾತು ಬೇರೆ. ವೆಂಟಿಲೇಟರ್ ಯಾವ ರೋಗವನ್ನೂ ವಾಸಿ ಮಾಡಲ್ಲ. ಔಷಧಿ ಕೆಲಸ ಮಾಡುವವರೆಗೆ ಟೈಮ್ ಕೊಡುತ್ತದೆ. ಕೆಲಸ ಮಾಡುವ ಔಷಧಿಯೇ ಇಲ್ಲದಿದ್ದಾಗ ಆ ಟೈಮ್ ತಗೊಂಡು ಏನು ಮಾಡುವುದು ಅಂತ ಮನೆಯವರಿಗೆ ಯಾರೂ ಬಿಡಿಸಿ ಹೇಳಿರುವುದಿಲ್ಲ.

"ಎಲ್ಲ ಮಾಡಿ" ಅಂದರು ಅಂತ ಬರೆದಿದ್ದೀರಿ. ಅದನ್ನು ಆರ್ಡರ್ ಅಂತ ತಗೊಳ್ಳಬೇಡಿ, ಅದು ಭಯದ ಮಾತು. ಅವರನ್ನು ಕೂರಿಸಿಕೊಂಡು ಕೇಳಿ, ಎಲ್ಲ ಅಂದರೆ ನಿಮ್ಮ ಮನಸ್ಸಲ್ಲಿ ಏನಿದೆ ಅಂತ. ಬಹಳ ಜನ ಹೇಳುವುದು ಇಷ್ಟೇ: ನೋವಾಗಬಾರದು, ಒಬ್ಬರೇ ಇರಬಾರದು, ಆಮೇಲೆ ನಾವು ಏನೋ ಬಿಟ್ಟುಬಿಟ್ಟೆವು ಅಂತ ಅನ್ನಿಸಬಾರದು. ಟ್ಯೂಬ್ ಹಾಕಿದರೆ ಮಾತು ನಿಲ್ಲುತ್ತದೆ, ನಿದ್ದೆ ಔಷಧಿ ಕೊಡುತ್ತೇವೆ, ಕೆಲವರು ಟ್ಯೂಬ್ ಕಿತ್ತುಕೊಳ್ಳುತ್ತಾರೆ ಅಂತ ಕೈ ಕಟ್ಟಬೇಕಾಗುತ್ತದೆ, ನಿಮ್ಮಪ್ಪ ನಿಮ್ಮ ಜೊತೆ ಕೊನೆಯದಾಗಿ ಮಾತಾಡುವುದು ಟ್ಯೂಬ್ ಹಾಕುವ ಮುಂಚಿನ ಐದು ನಿಮಿಷವೇ ಆಗಬಹುದು, ಅದೂ ಏದುಸಿರಲ್ಲಿ. ಇಷ್ಟನ್ನು ನೇರವಾಗಿ, ಹೆದರಿಸದೆ ಹೇಳಿದ ಮೇಲೂ "ಮಾಡಿ" ಅಂದರೆ ಆಗ ಅದು ಅವರ ಯೋಚಿಸಿದ ಮಾತು.

ಹೃದಯ ನಿಂತಾಗ ಎದೆ ಒತ್ತುವುದರ (ಸಿಪಿಆರ್) ಬಗ್ಗೆ ಜನರಿಗೆ ಇರುವ ಕಲ್ಪನೆ ಟಿವಿಯಿಂದ ಬಂದದ್ದು. 1996ರಲ್ಲಿ ಒಂದು ಅಧ್ಯಯನದಲ್ಲಿ ಅಮೆರಿಕದ ಮೂರು ಟಿವಿ ಕಾರ್ಯಕ್ರಮಗಳನ್ನು ಕೂತು ನೋಡಿ ಲೆಕ್ಕ ಹಾಕಿದ್ದರು. ಅಲ್ಲಿ ಸಿಪಿಆರ್ ಮಾಡಿಸಿಕೊಂಡವರಲ್ಲಿ ನೂರಕ್ಕೆ 75 ಮಂದಿ ಆ ಕ್ಷಣಕ್ಕೆ ಬದುಕಿದರು, 67 ಮಂದಿ ಮನೆಗೆ ಹೋದರು. ನಿಜವಾದ ಆಸ್ಪತ್ರೆಯಲ್ಲಿ ಹೃದಯ ನಿಂತವರಲ್ಲಿ ಐದರಲ್ಲಿ ಒಬ್ಬರು ಮನೆಗೆ ಹೋದರೆ ಅದು ಒಳ್ಳೆಯ ಲೆಕ್ಕ. ಹರಡಿದ ಕ್ಯಾನ್ಸರಿನಲ್ಲಿ ಅದಕ್ಕಿಂತ ಎಷ್ಟೋ ಕಡಿಮೆ. ಪಕ್ಕೆಲುಬು ಮುರಿಯುವುದು ಟಿವಿಯಲ್ಲಿ ಯಾವತ್ತೂ ಕೇಳಿಸಲ್ಲ.

ಇನ್ನೊಂದು ವಿಷಯ. ವೆಂಟಿಲೇಟರ್ ಹಾಕದೇ ಇರುವುದು ಬೇರೆ, ಹಾಕಿದ್ದನ್ನು ತೆಗೆಯುವುದು ಬೇರೆ ಅಂತ ನಮ್ಮ ಕೈಗೆ ಅನ್ನಿಸುತ್ತದೆ. ನೀತಿಯ ಲೆಕ್ಕದಲ್ಲಿ ಎರಡೂ ಒಂದೇ ಅಂತ ಹೆಚ್ಚಿನವರು ಒಪ್ಪುತ್ತಾರೆ, ಆದರೆ ತೆಗೆಯುವಾಗ ಕೈ ನಡುಗುವುದು ಸುಳ್ಳಲ್ಲ. ಆ ನಡುಕದಿಂದ ಎರಡು ಅನಾಹುತ ಆಗುತ್ತದೆ. ತೆಗೆಯಲಾಗಲ್ಲ ಅನ್ನುವ ಭಯಕ್ಕೆ ಉಪಯೋಗ ಆಗಬಹುದಾದವರಿಗೂ ಹಾಕುವುದಿಲ್ಲ. ಹಾಕಿದ ಮೇಲೆ ಉಪಯೋಗ ಇಲ್ಲ ಅಂತ ಗೊತ್ತಾದರೂ ವಾರಗಟ್ಟಲೆ ಎಳೆಯುತ್ತಾರೆ. ಹಾಗಾಗಿ ಅನುಮಾನ ಇರುವ ಕೇಸಲ್ಲಿ ನಾನು ಗಡುವು ಇಟ್ಟು ಶುರು ಮಾಡುತ್ತೇನೆ. "ಮೂರು ದಿನ ನೋಡೋಣ. ಆಕ್ಸಿಜನ್ ಕಡಿಮೆ ಸಾಕಾಗ್ತಾ ಬಂದರೆ, ಬಿಪಿ ಔಷಧಿ ಇಲ್ಲದೆ ಸರಿಯಾಗಿ ಉಳಿದರೆ ಮುಂದುವರಿಸೋಣ. ಇಲ್ಲ ಅಂದರೆ ಮತ್ತೆ ಕೂತು ಮಾತಾಡೋಣ." ಇದನ್ನು ಶುರು ಮಾಡುವ ಮುಂಚೆಯೇ ಹೇಳಿರಬೇಕು. ಮೂರನೇ ದಿನ ಹೊಸದಾಗಿ ಎತ್ತಿದರೆ ಕೈ ಬಿಟ್ಟರು ಅಂತಲೇ ಅಂದುಕೊಳ್ಳುತ್ತಾರೆ.

ವೆಂಟಿಲೇಟರ್ ತೆಗೆದರೆ ಕೊಂದ ಹಾಗೆ ಅನ್ನುವವರಿಗೆ ಪ್ರಜ್ಞೆ ತಪ್ಪಿ ವೆಂಟಿಲೇಟರ್ ಮೇಲಿದ್ದ ಅಮೆರಿಕದ ಯುವತಿ ಕ್ಯಾರೆನ್ ಆನ್ ಕ್ವಿನ್ಲನ್ ಕೇಸ್ ನೆನಪಿಸುತ್ತೇನೆ. 1976ರಲ್ಲಿ ನ್ಯೂಜೆರ್ಸಿಯ ಸುಪ್ರೀಂ ಕೋರ್ಟ್ ಆಕೆಯ ತಂದೆಯ ಮಾತು ಒಪ್ಪಿ ವೆಂಟಿಲೇಟರ್ ತೆಗೆಯಲು ಬಿಟ್ಟಿತು. ತೆಗೆದ ಮೇಲೆ ಆಕೆ ತಾನೇ ಉಸಿರಾಡಿದಳು, ಪ್ರಜ್ಞೆ ಬರದಿದ್ದರೂ 1985ರವರೆಗೆ ಇದ್ದಳು. ತೆಗೆಯುವುದು ಅಂದರೆ ದೇಹವನ್ನು ಅದರ ಪಾಡಿಗೆ ಬಿಡುವುದು, ಅಷ್ಟೇ. ಹಾಗಂತ ರಾತ್ರಿ ಎರಡು ಗಂಟೆಗೆ ನೀವೊಬ್ಬರೇ ತೀರ್ಮಾನ ಮಾಡುವ ವಿಷಯ ಇದಲ್ಲ. ನಿಮ್ಮ ಜಾಗದ ಕಾನೂನು ಏನು ಕೇಳುತ್ತದೆ, ಯಾರ್ಯಾರ ಸಹಿ ಬೇಕು, ಆಸ್ಪತ್ರೆಯಲ್ಲಿ ಇಂಥ ತೀರ್ಮಾನಗಳಿಗೆ ಸಲಹೆ ಕೊಡುವ ಎಥಿಕ್ಸ್ ಕಮಿಟಿ ಇದೆಯಾ, ಇದನ್ನೆಲ್ಲ ಹಗಲಲ್ಲೇ ತಿಳಿದುಕೊಂಡಿರಿ.

ನೋವಿನ ವಾರ್ಡ್ ಸಿಸ್ಟರ್:

ಮಾರ್ಫಿನ್ ಬಗ್ಗೆ ನಾನು ಹೇಳ್ತೀನಿ. ಪ್ಯಾಲಿಯೇಟಿವ್ ವಾರ್ಡಿನಲ್ಲಿ, ಅಂದರೆ ಗಂಭೀರ ಕಾಯಿಲೆಯವರ ನೋವು, ಸಂಕಟ ಕಡಿಮೆ ಮಾಡುವ ಕಡೆ, ಕೆಲಸ ಮಾಡುವ ನರ್ಸ್ ನಾನು.

ಉಸಿರು ನಿಲ್ಲುತ್ತೆ ಅನ್ನುವ ಭಯ ಪೂರ್ತಿ ಸುಳ್ಳಲ್ಲ. ಒಮ್ಮೆಲೇ ದೊಡ್ಡ ಡೋಸ್ ಕೊಟ್ಟರೆ, ಮೊದಲು ಯಾವತ್ತೂ ತಗೊಳ್ಳದವರಿಗೆ ಕೊಟ್ಟರೆ, ಕಿಡ್ನಿ ಕೆಲಸ ಮಾಡದವರಿಗೆ ಲೆಕ್ಕ ನೋಡದೆ ಕೊಡುತ್ತಾ ಹೋದರೆ ಅಪಾಯ ಇದೆ. ಕಿಡ್ನಿ ಸರಿ ಇಲ್ಲದಿದ್ದರೆ ಮಾರ್ಫಿನ್ ಒಡೆದು ಆಗುವ ಅಂಶ ಮೈಯಲ್ಲೇ ಉಳಿದುಕೊಳ್ಳುತ್ತದೆ, ಮಂಪರು ಬರುತ್ತದೆ, ಕೈಕಾಲು ಸೆಳೆಯುತ್ತದೆ. ಅಂಥವರಿಗೆ ಬೇರೆ ಔಷಧಿ ಯೋಚಿಸಬೇಕು. ಆದರೆ ಸಣ್ಣ ಡೋಸಿನಿಂದ ಶುರು ಮಾಡಿ, ನೋಡುತ್ತಾ ಏರಿಸುವುದು ಬೇರೆಯೇ ವಿಷಯ. ಅಷ್ಟಕ್ಕೆ ಸಾಮಾನ್ಯವಾಗಿ ಉಸಿರು ನಿಲ್ಲಲ್ಲ. ಏದುಸಿರು ಬಿಡುತ್ತಾ ನಿಮಿಷಕ್ಕೆ ನಲವತ್ತು ಸಲ ಉಸಿರಾಡುವವರು ಇಪ್ಪತ್ತೈದಕ್ಕೆ ಇಳಿದು ನಿದ್ದೆ ಮಾಡಿದರೆ ಅದನ್ನು ನೋಡಿ ಗಾಬರಿ ಆಗುವುದು ನಾವು, ಪೇಷಂಟಿಗೆ ಅದೇ ಬೇಕಾಗಿದ್ದದ್ದು. ಅಪಾಯದ ಮುಂಚೆ ಸಾಮಾನ್ಯವಾಗಿ ಮಂಪರು ಬರುತ್ತದೆ, ಅದನ್ನು ನೋಡುತ್ತಿರಿ. ಮಲಬದ್ಧತೆಗೆ ಮೊದಲ ದಿನದಿಂದಲೇ ಔಷಧಿ ಬರೆಯಿರಿ. ಡಾಕ್ಟ್ರುಗಳು ಇದನ್ನು ಮರೆಯುತ್ತಾರೆ, ಆಮೇಲೆ ಪೇಷಂಟು ಹೊಟ್ಟೆ ಉಬ್ಬರಕ್ಕೇ ಮಾರ್ಫಿನ್ ಬೇಡ ಅಂತಾರೆ.

ನಿಮ್ಮ ಸೀನಿಯರ್ ಕೇಳಿದ "ಯಾರು ಜವಾಬ್ದಾರಿ" ಪ್ರಶ್ನೆಗೆ ನಾನೂ ಒಂದು ಕೇಳ್ತೀನಿ. ಅವರು ರಾತ್ರಿಯಿಡೀ ಕೂತುಕೊಂಡು ಒದ್ದಾಡಿದರೆ ಅದಕ್ಕೆ ಯಾರು ಜವಾಬ್ದಾರಿ? 1995ರಲ್ಲಿ ಅಮೆರಿಕದ ಐದು ಆಸ್ಪತ್ರೆಗಳಲ್ಲಿ 9,000ಕ್ಕೂ ಹೆಚ್ಚು ಸೀರಿಯಸ್ ಪೇಷಂಟುಗಳ ಮೇಲೆ ಮಾಡಿದ ದೊಡ್ಡ ಅಧ್ಯಯನ ಹೊರಬಂತು. ಪ್ರಜ್ಞೆ ಇದ್ದು ಆಸ್ಪತ್ರೆಯಲ್ಲೇ ತೀರಿಕೊಂಡವರಲ್ಲಿ ಅರ್ಧದಷ್ಟು ಜನರ ಮನೆಯವರು, ಕೊನೆಯ ದಿನಗಳಲ್ಲಿ ಅರ್ಧ ಹೊತ್ತಾದರೂ ಅವರಿಗೆ ಸಾಧಾರಣದಿಂದ ತೀವ್ರವಾದ ನೋವಿತ್ತು ಅಂದರು. ದೊಡ್ಡ ದೊಡ್ಡ ಆಸ್ಪತ್ರೆಗಳು ಅವು. ಔಷಧಿ ಕೊರತೆ ಇರಲಿಲ್ಲ.

ಇನ್ನು ಔಷಧಿ ಅಲ್ಲದ್ದು. ಮುಖಕ್ಕೆ ಗಾಳಿ ಬರುವ ಹಾಗೆ ಸಣ್ಣ ಫ್ಯಾನ್ ಇಡಿ. ಸುಮ್ನೆ ಸಮಾಧಾನಕ್ಕೆ ಹೇಳ್ತಿಲ್ಲ, ಅಧ್ಯಯನದಲ್ಲೂ ದಮ್ಮು ಕಡಿಮೆ ಅನ್ನಿಸಿದ್ದು ಕಂಡಿದೆ. ಬೆನ್ನಿಗೆ ದಿಂಬು ಕೊಟ್ಟು ಮುಂದಕ್ಕೆ ಬಾಗಿ ಕೂರಿಸಿ.

ಮೊದಲ ಪ್ರಶ್ನೆಗೆ ಒಂದೇ ಮಾತು ಸೇರಿಸ್ತೀನಿ. "ವಾಸಿ ಆಗುತ್ತಾ" ಅಂತ ಕೇಳಿದಾಗ ಹೌದು ಇಲ್ಲ ಅಂತ ಉತ್ತರ ಕೊಡುವ ಗಡಿಬಿಡಿ ಬೇಡ, ಓಡಿಹೋಗುವುದೂ ಬೇಡ. ಸ್ಟೂಲ್ ಎಳೆದುಕೊಂಡು ಕೂತು "ಇವತ್ತು ಯಾಕೆ ಹೀಗೆ ಅನ್ನಿಸ್ತು?" ಅಂತ ಕೇಳಿ. ಕೆಲವರು ಸಾವಿನ ಬಗ್ಗೆ ಕೇಳುತ್ತಿರುತ್ತಾರೆ. ಕೆಲವರಿಗೆ ಬೆನ್ನು ನೋವು ಯಾವಾಗ ಹೋಗುತ್ತೆ ಅನ್ನುವುದಷ್ಟೇ ಬೇಕಿರುತ್ತದೆ. ನಾವು ಅಷ್ಟು ಹೊತ್ತಿಗೆ ಮನಸ್ಸಲ್ಲೇ ದೊಡ್ಡ ಭಾಷಣ ರೆಡಿ ಮಾಡಿಕೊಂಡಿರುತ್ತೇವೆ.

ಅಮ್ಮನ ಮಗಳು:

ನಾನು ಡಾಕ್ಟರಲ್ಲ. ಆದರೂ ಬರೀತೀನಿ, ಯಾಕಂದ್ರೆ ಇಂಥ ಮಾತು ಬಂದಾಗ ಎಲ್ಲರೂ "ಮನೆಯವರು ಮುಚ್ಚಿಡ್ತಾರೆ, ಪೇಷಂಟಿಗೆ ಸತ್ಯ ಬೇಕು" ಅನ್ನುವ ಕಡೆಗೇ ಹೋಗ್ತಾರೆ.

ನಮ್ಮಮ್ಮನಿಗೆ ಅಂಡಾಶಯದ ಕ್ಯಾನ್ಸರ್ ಇತ್ತು. ಮೊದಲೇ ನನ್ನ ಹತ್ತಿರ ಹೇಳಿದ್ದರು, "ನಂಗೆ ಏನೂ ಹೇಳ್ಬೇಡಿ, ನೀನು ಡಾಕ್ಟ್ರ ಹತ್ರ ಮಾತಾಡಿ ತೀರ್ಮಾನ ಮಾಡು, ನಾನು ಸಹಿ ಹಾಕ್ತೀನಿ." ಹೆದರಿಕೆ ಅಲ್ಲ ಅದು. ಅವರು ಯಾವಾಗಲೂ ಹಾಗೇ, ಗೊತ್ತಾಗಿ ಏನು ಮಾಡೋದಿದೆ ಅನ್ನುವ ಸ್ವಭಾವ. ನಾನು ಅದನ್ನು ಹೇಳಿದರೂ ಒಬ್ಬ ಯುವ ಡಾಕ್ಟರು, ಕಾನೂನು ಪ್ರಕಾರ ಪೇಷಂಟಿಗೆ ಹೇಳಲೇಬೇಕು ಅಂತ, ನನ್ನನ್ನು ಹೊರಗೆ ಕಳಿಸಿ, ಎಷ್ಟು ತಿಂಗಳು ಅನ್ನುವುದನ್ನೂ ಸೇರಿಸಿ ಎಲ್ಲವನ್ನೂ ಹೇಳಿ ಬಂದರು. ಅಮ್ಮ ಆಮೇಲೆ ಆ ಲೆಕ್ಕ ಬಿಟ್ಟು ಬೇರೆ ಏನನ್ನೂ ಯೋಚಿಸಲಿಲ್ಲ. ಕೊನೆಗೆ ಆ ಡಾಕ್ಟರು ಹೇಳಿದ್ದಕ್ಕಿಂತ ಜಾಸ್ತಿ ದಿನ ಇದ್ದರು, ಅದೂ ಲೆಕ್ಕ ತಪ್ಪಿತು ಅಂತ ಅನುಮಾನದಲ್ಲೇ.

ಸತ್ಯ ಹೇಳಬಾರದು ಅಂತ ನಾನು ಹೇಳ್ತಿಲ್ಲ. ತಿಳಿದುಕೊಳ್ಳುವ ಹಕ್ಕು ಇದ್ದ ಹಾಗೆ ಬೇಡ ಅನ್ನುವ ಹಕ್ಕೂ ಇದೆ ಅಲ್ವಾ? ಅದನ್ನು ಯಾರೂ ಕೇಳಲ್ಲ. ಮಕ್ಕಳು ಮುಚ್ಚಿಟ್ಟರೆ ತಪ್ಪು, ಡಾಕ್ಟರು ಸುರಿದರೆ ಸರಿ. ಎರಡರಲ್ಲೂ ಪೇಷಂಟನ್ನು ಯಾರೂ ಕೇಳಿಲ್ಲ ಅನ್ನುವುದು ಒಂದೇ.

ಮತ್ತೆ, ಆ ಮಕ್ಕಳ ಮೇಲೆ ಸಿಟ್ಟು ಮಾಡ್ಕೋಬೇಡಿ. ನೀವು ಪಾಳಿ ಮುಗಿಸಿ ಹೋಗ್ತೀರಿ. ಆ ಮಾತು ಆದ ಮೇಲಿನ ರಾತ್ರಿ ಅವರ ಜೊತೆ ಕೂರುವವರು ಮನೆಯವರು.

ಕೀಮೋ ಡಾಕ್ಟ್ರು:

ಮೇಡಂ ಹೇಳಿದ್ದು ಸರಿಯಾದ ಮಾತು. ನಾನು ಆಂಕಾಲಜಿಯಲ್ಲಿದ್ದೇನೆ (ಕ್ಯಾನ್ಸರ್ ವಿಭಾಗ), ಈ ಜಗಳದಲ್ಲಿ ಎರಡೂ ಕಡೆಯವರಿಂದ ಬೈಸಿಕೊಳ್ಳುವುದು ನಮ್ಮ ಪಾಲು.

ಮೊದಲು ಇತಿಹಾಸ ಸ್ವಲ್ಪ. ಹೇಳಬೇಕು ಅನ್ನುವುದು ವೈದ್ಯರ ಹಳೆಯ ಧರ್ಮವೇನೂ ಅಲ್ಲ. 1961ರಲ್ಲಿ ಅಮೆರಿಕದ ಒಂದು ಆಸ್ಪತ್ರೆಯ ಡಾಕ್ಟರುಗಳನ್ನು ಕೇಳಿದಾಗ ನೂರಕ್ಕೆ 90 ಮಂದಿ ಕ್ಯಾನ್ಸರ್ ಅಂತ ಪೇಷಂಟಿಗೆ ಹೇಳದಿರುವುದೇ ವಾಸಿ ಅಂದಿದ್ದರು. 1979ರಲ್ಲಿ ಅದೇ ಪ್ರಶ್ನೆಯನ್ನು ಬೇರೆ ಆಸ್ಪತ್ರೆಯಲ್ಲಿ ಕೇಳಿದಾಗ 97 ಮಂದಿ ಹೇಳುತ್ತೇವೆ ಅಂದರು. ಹದಿನೆಂಟು ವರ್ಷದಲ್ಲಿ ಪೂರ್ತಿ ಉಲ್ಟಾ. ಎರಡೂ ಸಲ ಡಾಕ್ಟರುಗಳಿಗೆ ತಾವೇ ಸರಿ ಅನ್ನುವ ಧೈರ್ಯ ಇತ್ತು. ಹಾಗಾಗಿ "ಹೇಳಲೇಬೇಕು" ಅನ್ನುವವರೂ ಸ್ವಲ್ಪ ತಗ್ಗಿ ಮಾತಾಡುವುದು ಒಳ್ಳೆಯದು.

ತಿಂಗಳ ಲೆಕ್ಕ ಹೇಳುವುದು ನನಗಂತೂ ಇಷ್ಟವಿಲ್ಲ, ಅದಕ್ಕೆ ಕಾರಣ ಇದೆ. 2000ದಲ್ಲಿ ಕೊನೆ ಹಂತದ ಪೇಷಂಟುಗಳು ಎಷ್ಟು ದಿನ ಇರುತ್ತಾರೆ ಅಂತ ಅವರ ಡಾಕ್ಟರುಗಳಿಂದಲೇ ಹೇಳಿಸಿ, ಆಮೇಲೆ ನಿಜವಾಗಿ ಎಷ್ಟು ದಿನ ಇದ್ದರು ಅಂತ ಹೋಲಿಸಿದ ಅಧ್ಯಯನ ಬಂತು. ಸರಿಯಾಗಿ ಹೇಳಿದವರು ನೂರಕ್ಕೆ 20 ಮಾತ್ರ. ಉಳಿದವರಲ್ಲಿ ಹೆಚ್ಚಿನವರು ಜಾಸ್ತಿ ಹೇಳಿದ್ದರು, ಒಟ್ಟಾರೆ ನೋಡಿದರೆ ನಿಜಕ್ಕಿಂತ ಐದು ಪಟ್ಟು ಜಾಸ್ತಿ. ಪೇಷಂಟಿನ ಪರಿಚಯ ಹಳೆಯದಾದಷ್ಟೂ ಲೆಕ್ಕ ಇನ್ನೂ ತಪ್ಪಿತ್ತು. ಮೇಡಂ, ನಿಮ್ಮಮ್ಮನ ವಿಷಯದಲ್ಲಿ ತಪ್ಪಿದ್ದು ಇನ್ನೊಂದು ಕಡೆಗೆ, ಆದರೆ ತಪ್ಪುವುದೇ ಸಾಮಾನ್ಯ. ನಾನು ಈಗ ಅಂಕಿ ಹೇಳಲ್ಲ. ದಿನಗಳ ಮಾತಾ, ವಾರಗಳ ಮಾತಾ, ತಿಂಗಳುಗಳ ಮಾತಾ ಅಂತ ಹೇಳುತ್ತೇನೆ, ಅದೂ ಕೇಳಿದರೆ. ಎಲ್ಲ ಚೆನ್ನಾಗಿ ನಡೆದರೆ ಹೀಗಿರುತ್ತೆ, ಕೆಟ್ಟರೆ ಹೀಗಿರುತ್ತೆ, ನನಗೆ ಹೆಚ್ಚು ಅನ್ನಿಸುವುದು ಇದು ಅಂತ ಮೂರು ಮಾತು ಹೇಳಿದರೆ ಜನರಿಗೆ ಒಂದು ನಂಬರ್‌ಗಿಂತ ಜಾಸ್ತಿ ಉಪಯೋಗ ಆಗುತ್ತದೆ.

ಒಂದು ವಿಷಯ ನಮ್ಮ ವಿಭಾಗದವರಿಗೇ ಚುಚ್ಚುವಂಥದ್ದು. 2012ರಲ್ಲಿ ಹರಡಿದ ಕ್ಯಾನ್ಸರಿಗೆ ಕೀಮೋ ತಗೊಳ್ಳುತ್ತಿದ್ದವರನ್ನು ಕೇಳಿದರು, ಇದರಿಂದ ರೋಗ ವಾಸಿ ಆಗುತ್ತೆ ಅಂದುಕೊಂಡಿದ್ದೀರಾ ಅಂತ. ಶ್ವಾಸಕೋಶದ ಕ್ಯಾನ್ಸರ್ ಇದ್ದವರಲ್ಲಿ ನೂರಕ್ಕೆ 69, ದೊಡ್ಡ ಕರುಳಿನ ಕ್ಯಾನ್ಸರ್ ಇದ್ದವರಲ್ಲಿ 81 ಮಂದಿಗೆ, ಇದು ವಾಸಿ ಮಾಡುವ ಕೀಮೋ ಅಲ್ಲ ಅನ್ನುವುದು ಅರ್ಥ ಆಗಿರಲಿಲ್ಲ. ಇದರ ಇನ್ನೊಂದು ಭಾಗ ನೋಡಿ. ನಮ್ಮ ಡಾಕ್ಟರು ತುಂಬ ಚೆನ್ನಾಗಿ ಮಾತಾಡುತ್ತಾರೆ ಅಂದವರಲ್ಲೇ ಈ ತಪ್ಪು ತಿಳಿವಳಿಕೆ ಹೆಚ್ಚಿತ್ತು. ಅಂದರೆ ಜನಕ್ಕೆ ನಾವು ಇಷ್ಟ ಆಗುವುದು ಯಾವಾಗ ಅಂತ ಯೋಚಿಸಿ. ಫೀಡ್‌ಬ್ಯಾಕ್ ಫಾರ್ಮಿನಲ್ಲಿ ಐದು ಸ್ಟಾರ್ ಬಂದರೆ ನನಗೆ ಈಗ ಒಳಗೊಳಗೇ ಅನುಮಾನ.

ಆಸೆ ಕಿತ್ತುಕೊಂಡ ಹಾಗಾಗುತ್ತೆ ಅನ್ನುವ ಮಾತಿಗೆ ನನ್ನ ಉತ್ತರ ಬೇರೆ. 2010ರಲ್ಲಿ ಹರಡಿದ ಶ್ವಾಸಕೋಶದ ಕ್ಯಾನ್ಸರ್ ಇದ್ದ 151 ಜನರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಕ್ಯಾನ್ಸರ್ ಚಿಕಿತ್ಸೆಯ ಜೊತೆ ಮೊದಲಿನಿಂದಲೇ ಪ್ಯಾಲಿಯೇಟಿವ್ ಕೇರ್, ಇನ್ನೊಂದಕ್ಕೆ ಬರೀ ಚಿಕಿತ್ಸೆ. ಮೊದಲ ಗುಂಪಿನವರಿಗೆ ಖಿನ್ನತೆ ಕಡಿಮೆ, ಕೊನೆಯಲ್ಲಿ ಉಗ್ರ ಚಿಕಿತ್ಸೆ ಕಡಿಮೆ, ಆದರೂ ಬದುಕಿದ್ದು ಜಾಸ್ತಿ: ಮಧ್ಯಾಂಕ (ಅರ್ಧ ಜನ ಇದಕ್ಕಿಂತ ಹೆಚ್ಚು ಬದುಕಿದರು) 11.6 ತಿಂಗಳು, ಇನ್ನೊಂದು ಗುಂಪಿಗೆ 8.9. ಒಂದೇ ಆಸ್ಪತ್ರೆಯ ಸಣ್ಣ ಅಧ್ಯಯನ ಅದು, ಪ್ಯಾಲಿಯೇಟಿವ್ ಕೇರ್ ಆಯುಸ್ಸು ಹೆಚ್ಚಿಸುತ್ತೆ ಅಂತ ಬೋರ್ಡ್ ಹಾಕುವಷ್ಟು ನಾನು ಹೋಗಲ್ಲ. ಆದರೆ ಪ್ಯಾಲಿಯೇಟಿವ್ ಅಂದ ಕೂಡಲೇ ಪೇಷಂಟು ಕುಸಿಯುತ್ತಾರೆ ಅನ್ನುವ ಹೆದರಿಕೆಗೆ ಅದರಲ್ಲಿ ಆಧಾರ ಸಿಗಲಿಲ್ಲ. ಬಹಳ ಕಡೆ ಅವರನ್ನು ಕರೆಯುವುದು ಕೀಮೋ ಎಲ್ಲ ಮುಗಿದ ಮೇಲೆ. ಆಗ ಪ್ಯಾಲಿಯೇಟಿವ್ ಡಾಕ್ಟರು ಬಂದರು ಅಂದರೆ ಕೊನೆ ಬಂತು ಅಂತ ಜನ ಅಂದುಕೊಳ್ಳುವುದರಲ್ಲಿ ಆಶ್ಚರ್ಯ ಏನಿದೆ.

ರಾತ್ರಿಪಾಳಿ ಅವರೇ, ನಿಮ್ಮ ಕೇಸಿಗೆ ಬರುತ್ತೇನೆ. ಹೇಳೋದಾ ಬೇಡವಾ ಅಂತ ನೀವು ಮತ್ತು ಮಕ್ಕಳು ತೀರ್ಮಾನ ಮಾಡುವ ಪ್ರಶ್ನೆಯೇ ಅಲ್ಲ ಇದು. ಅವರಿಗೆ ಪ್ರಜ್ಞೆ ಇದೆ, ಬುದ್ಧಿ ಇದೆ. ಅವರನ್ನೇ ಕೇಳಿ: "ನಿಮ್ಮ ಕಾಯಿಲೆ ಬಗ್ಗೆ ನಿಮಗೆ ಎಷ್ಟು ತಿಳ್ಕೋಬೇಕು ಅನ್ಸುತ್ತೆ? ಎಲ್ಲ ನಿಮಗೇ ಹೇಳ್ಬೇಕಾ, ಅಥವಾ ಮಕ್ಕಳಿಗೆ ಹೇಳಿದ್ರೆ ಸಾಕಾ?" ಮಕ್ಕಳಿಗೆ ಮೊದಲೇ ಹೇಳಿಬಿಡಿ, ನಾನಾಗಿ ಹೇಳಲು ಹೋಗಲ್ಲ, ಆದರೆ ಅವರೇ ಕೇಳಿದರೆ ಸುಳ್ಳು ಹೇಳಲ್ಲ ಅಂತ. ನನಗೆ ಗೊತ್ತಿರುವ ಮಟ್ಟಿಗೆ ಇದಕ್ಕೆ ಒಪ್ಪದ ಮಕ್ಕಳು ಕಡಿಮೆ. ಅವರಿಗೂ ಆ ಗುಟ್ಟು ಹೊತ್ತು ಸಾಕಾಗಿರುತ್ತದೆ.

ರಾತ್ರಿಪಾಳಿ:

ಎಲ್ಲರಿಗೂ ಥ್ಯಾಂಕ್ಸ್. ನಡೆದದ್ದು ಹೇಳುತ್ತೇನೆ, ಪೂರ್ತಿ ಬಗೆಹರಿದಿಲ್ಲ.

ಮಕ್ಕಳ ಹತ್ತಿರ ಕೀಮೋ ಡಾಕ್ಟ್ರು ಹೇಳಿದ ಹಾಗೇ ಹೇಳಿದೆ. ಮಗಳು ಒಪ್ಪಿದರು. ಮಗ ಒಪ್ಪಿದರು ಅಂತ ಹೇಳಲಾರೆ, ಸುಮ್ಮನಿದ್ದರು. ಪೇಷಂಟನ್ನು ಎಷ್ಟು ತಿಳಿಯಬೇಕು ಅಂತ ಕೇಳಿದಾಗ ಬಂದ ಉತ್ತರ ನಾನು ಎಣಿಸಿದ್ದಲ್ಲ. "ಎಷ್ಟು ದಿನ ಅಂತ ಬೇಡ. ಮನೆಗೆ ಹೋಗೋಕೆ ಆಗುತ್ತಾ ಇಲ್ವಾ ಅದು ಹೇಳಿ. ಆ ಮೆಷಿನ್‌ಗೆ ಹಾಕ್ತೀರಾ ಅದು ಹೇಳಿ." ಪಕ್ಕದ ಬೆಡ್ಡಿನವರನ್ನು ಐಸಿಯುಗೆ ಸಾಗಿಸಿದ್ದನ್ನು ನೋಡಿದ್ದಾರೆ. ವೆಂಟಿಲೇಟರ್ ಬೇಡ ಅಂತ ಸ್ಪಷ್ಟವಾಗಿ ಹೇಳಿದರು, ಸಿಸ್ಟರ್ ಕೂಡ ಅಲ್ಲೇ ಇದ್ದರು.

ಎದೆಯಲ್ಲಿ ನೀರಿತ್ತು, ತೆಗೆದೆವು, ಸ್ವಲ್ಪ ಹಗುರ ಆಗಿದೆ. ಮಾರ್ಫಿನ್ ಶುರು ಮಾಡಲು ಪ್ಯಾಲಿಯೇಟಿವ್ ಟೀಮ್ ಬಂದು ಹೇಳಿದ ಮೇಲೆ ಸೀನಿಯರ್ ಒಪ್ಪಿದರು.

ಈಗಿನ ಕಷ್ಟ: ಮಗ ಸೀನಿಯರ್ ಹತ್ತಿರ ಹೋಗಿ "ಅಪ್ಪ ಏನೋ ಬೇಜಾರಲ್ಲಿ ಹೇಳಿದ್ದಾರೆ, ಹಾಗೇನಾದ್ರೂ ಆದ್ರೆ ನೀವು ಹಾಕ್ಲೇಬೇಕು" ಅಂದಿದ್ದಾರೆ. ಸೀನಿಯರ್ ನನಗೆ ಆ ಹೊತ್ತಲ್ಲಿ ನೋಡೋಣ ಅಂದರು. ಆ ಹೊತ್ತಲ್ಲಿ ಅವರು ಮನೆಯಲ್ಲಿರುತ್ತಾರೆ, ನಾನು ಇಲ್ಲಿರುತ್ತೇನೆ. ಸರಿ ಏನು ಅಂತ ಗೊತ್ತಿದ್ದೂ ಮಾಡಲು ಬಿಡದಿದ್ದರೆ ಒಳಗೆ ಆಗುವುದು ಏನು ಅಂತ ಈಗ ಅರ್ಥ ಆಗುತ್ತಿದೆ.

ಮತ್ತೆ ಮಗಳು ಕೇಳಿದರು, ಊಟ ನಿಂತರೆ ಡ್ರಿಪ್ ಹಾಕ್ತೀರಾ ಅಂತ. ಏನು ಹೇಳಲಿ?

ಐಸಿಯು ಹಳಬ:

ಸರಿ ಗೊತ್ತಿದ್ದೂ ಮಾಡಲಾಗದ ಆ ಕಷ್ಟಕ್ಕೆ ಹೆಸರೂ ಇದೆ, ನೈತಿಕ ಸಂಕಟ. 1984ರಲ್ಲಿ ಆಂಡ್ರ್ಯೂ ಜೇಮ್ಟನ್ ಅನ್ನುವವರು ಬರೆದದ್ದು, ಮೊದಲು ನರ್ಸುಗಳ ಬಗ್ಗೆ. ಹೆಸರಿದ್ದರೆ ಕಷ್ಟ ಕಡಿಮೆ ಆಗಲ್ಲ, ನಿಮ್ಮೊಬ್ಬರದೇ ಸಮಸ್ಯೆ ಅಲ್ಲ ಅಂತ ಗೊತ್ತಾಗುತ್ತದೆ.

ಕೆಲಸದ ಮಾತು: ಪೇಷಂಟು ಹೇಳಿದ್ದನ್ನು ಅವರದೇ ಮಾತಲ್ಲಿ ಕೇಸ್ ಶೀಟಿನಲ್ಲಿ ಬರೆಯಿರಿ. ತಾರೀಕು, ಹೊತ್ತು, ಜೊತೆಗಿದ್ದವರ ಹೆಸರು, ಆಗ ಪ್ರಜ್ಞೆ ಸರಿ ಇತ್ತು, ಪ್ರಶ್ನೆ ಅರ್ಥ ಮಾಡಿಕೊಂಡು ಉತ್ತರ ಕೊಟ್ಟರು ಅನ್ನುವುದು, ಎಲ್ಲ. "ಪೇಷಂಟು ಒಪ್ಪಲಿಲ್ಲ" ಅಂತ ಒಂದು ಸಾಲು ಬರೆದರೆ ಸಾಲದು. ಆಮೇಲೆ ನಾಳೆ ಹಗಲು, ಸೀನಿಯರ್ ಇರುವಾಗ, ಮಗನನ್ನೂ ಕೂರಿಸಿಕೊಂಡು ಅದೇ ಪ್ರಶ್ನೆಯನ್ನು ಮತ್ತೊಮ್ಮೆ ಅಪ್ಪನಿಗೇ ಕೇಳಿ. ಮಗನಿಗೆ ನೀವು ವಾದ ಮಾಡಿ ಒಪ್ಪಿಸುವುದು ಕಷ್ಟ, ಅಪ್ಪನ ಬಾಯಿಂದ ಕೇಳಿಸಿಕೊಂಡರೆ ಬೇರೆ. ಬೇಜಾರಲ್ಲಿ ಹೇಳಿದ್ದಾರೆ ಅನ್ನುವ ಅನುಮಾನವನ್ನೂ ತಳ್ಳಿಹಾಕಬೇಡಿ, ಖಿನ್ನತೆ ಇದ್ದು ಬೇಡ ಅನ್ನುವವರೂ ಇರುತ್ತಾರೆ, ನೋಡಬೇಕು. ಎರಡು ಸಲ, ಬೇರೆ ಬೇರೆ ದಿನ, ಅದೇ ಮಾತು ಬಂದರೆ ಅದು ಆ ಕ್ಷಣದ ಬೇಜಾರಲ್ಲ. ಸೀನಿಯರ್ ಸಹಿ ಅಲ್ಲೇ ಹಾಕಿಸಿ. ಹಾಕಲ್ಲ ಅಂದರೆ ಎಥಿಕ್ಸ್ ಕಮಿಟಿಗೆ ಬರೆಯಿರಿ, ಅದು ದೂರು ಕೊಟ್ಟ ಹಾಗಲ್ಲ.

ನೋವಿನ ವಾರ್ಡ್ ಸಿಸ್ಟರ್:

ಡ್ರಿಪ್ ವಿಷಯ. ಈಗ, ತಿನ್ನುತ್ತಾ ಕುಡಿಯುತ್ತಾ ಇರುವಾಗ, ವಾಂತಿಯಾಗಿ ನೀರು ಕಡಿಮೆ ಆದರೆ ಡ್ರಿಪ್ ಹಾಕಿ, ತಪ್ಪೇನಿಲ್ಲ. ಕೊನೆಯ ದಿನಗಳ ವಿಷಯ ಬೇರೆ. ಆಗ ಹಸಿವೇ ಇರಲ್ಲ, ದೇಹಕ್ಕೆ ನೀರನ್ನು ಸರಿಯಾಗಿ ಹೊರಹಾಕಲು ಆಗಲ್ಲ. ಹಾಕಿದ ನೀರು ಕಾಲಿಗೆ ಇಳಿಯುತ್ತದೆ, ಎದೆಗೆ ಸೇರುತ್ತದೆ, ಗಂಟಲಲ್ಲಿ ಗೊರಗೊರ ಜಾಸ್ತಿ ಆಗುತ್ತದೆ. ನೀವು ಈಗ ತಾನೇ ಎದೆಯಿಂದ ನೀರು ತೆಗೆದಿದ್ದೀರಿ, ನೆನಪಿರಲಿ. ಬಾಯಿ ಒಣಗಿದ್ದಕ್ಕೆ ಡ್ರಿಪ್ ಉತ್ತರ ಅಲ್ಲ. ಒದ್ದೆ ಹತ್ತಿಯಿಂದ ಬಾಯಿ ಒರೆಸುವುದು, ತುಟಿಗೆ ಹಚ್ಚುವುದು, ಎಚ್ಚರ ಇದ್ದರೆ ಚಮಚದಲ್ಲಿ ಗುಟುಕು ನೀರು. ಇದನ್ನು ಮಗಳಿಗೇ ಕಲಿಸಿಕೊಡಿ, ಮಗನಿಗೂ. ಕೈಗೆ ಮಾಡಲು ಏನಾದರೂ ಇದ್ದರೆ "ಮೆಷಿನ್ ಹಾಕಿ" ಅನ್ನುವುದು ಎಷ್ಟೋ ಸಲ ಅಲ್ಲಿಗೇ ಕಡಿಮೆ ಆಗುತ್ತದೆ.

ಕೊನೆಯಲ್ಲಿ ಡ್ರಿಪ್ ನಿಲ್ಲಿಸುವುದಾದರೆ ನಿಲ್ಲಿಸುವ ಮುಂಚೆ ಕಾರಣ ಹೇಳಿ, ಇಬ್ಬರಿಗೂ ಒಟ್ಟಿಗೆ. ಹೇಳದೆ ಬಾಟ್ಲಿ ತೆಗೆದರೆ ಅಪ್ಪನನ್ನು ಉಪವಾಸ ಕೆಡವಿದರು ಅಂತ ಅವರ ಮನಸ್ಸಲ್ಲಿ ಉಳಿದುಬಿಡುತ್ತದೆ, ಆಮೇಲೆ ನೀವು ಏನು ವಿವರಿಸಿದರೂ ಹೋಗಲ್ಲ. ಮನೆಗೆ ಕಳಿಸುವ ಹಾಗಿದ್ದರೆ ಎದೆ ಹಗುರವಾಗಿರುವ ಈ ದಿನಗಳಲ್ಲೇ ಕಳಿಸಿ. ಮಾರ್ಫಿನ್ ಚೀಟಿ, ಮಲಬದ್ಧತೆ ಔಷಧಿ, ರಾತ್ರಿ ದಮ್ಮು ಜಾಸ್ತಿ ಆದರೆ ಎಷ್ಟು ಕೊಡಬೇಕು, ಯಾರಿಗೆ ಫೋನ್ ಮಾಡಬೇಕು ಅಂತ ದೊಡ್ಡ ಅಕ್ಷರದಲ್ಲಿ ಒಂದು ಹಾಳೆಯಲ್ಲಿ ಬರೆದುಕೊಡಿ. ಆ ಫೋನ್ ನಂಬರ್ ನಿಮ್ಮ ಟೀಮಿನದೇ ಆಗಿರಲಿ, ಎಮರ್ಜೆನ್ಸಿದು ಕೊಟ್ಟರೆ ಅಲ್ಲಿರುವವರಿಗೆ ಇದ್ಯಾವುದೂ ಗೊತ್ತಿರಲ್ಲ, ಬಂದ ತಕ್ಷಣ ಟ್ಯೂಬ್ ಹಾಕುತ್ತಾರೆ.